ಸುಬ್ಬರಾವ್‌ಗೆ ನೊಬೆಲ್ ಸಿಗಲಿಲ್ಲ, ಸರಿ. ಮುಚ್ಚಿದ ಬಾಗಿಲುಗಳ ಲೆಕ್ಕ ಕೇಳೋರು ಯಾರು?

ಜನವರಿ 12 ಬಂತೆಂದರೆ ಕಾಲೇಜುಗಳಲ್ಲಿ ರಾಷ್ಟ್ರೀಯ ಯುವ ದಿನ. ವಿವೇಕಾನಂದರ ಫೋಟೋಗೆ ಹಾರ, ಒಂದು ಭಾಷಣ, ಒಂದು ಜಾಥಾ. ಅದೇ ದಿನ ವಾಟ್ಸಾಪ್ ಗ್ರೂಪುಗಳಲ್ಲಿ ಇನ್ನೊಂದು ಫಾರ್ವರ್ಡ್ ಕೂಡ ಓಡಾಡುತ್ತೆ. ಯೆಲ್ಲಾಪ್ರಗಡ ಸುಬ್ಬರಾವ್ ಎಂಬ ವಿಜ್ಞಾನಿ ಹುಟ್ಟಿದ್ದು ಇದೇ ದಿನ, ಅವರು ಕ್ಯಾನ್ಸರ್‌ಗೆ ಔಷಧ ಕಂಡುಹಿಡಿದರು, ಆಂಟಿಬಯಾಟಿಕ್ ಕಂಡುಹಿಡಿದರು, ಆದರೂ ಬಿಳಿಯರು ನೊಬೆಲ್ ಕೊಡಲಿಲ್ಲ, ಹೆಮ್ಮೆಯ ಭಾರತೀಯರಾಗಿದ್ದರೆ ಶೇರ್ ಮಾಡಿ, ಅಂತ.

ಈ ಫಾರ್ವರ್ಡ್ ಪೂರ್ತಿ ಸುಳ್ಳಲ್ಲ. ಹಾಗಂತ ಪೂರ್ತಿ ನಿಜವೂ ಅಲ್ಲ. ನನಗೆ ಅದರ ಮೇಲಿರುವ ತಕರಾರು ಬೇರೆ. ಸುಬ್ಬರಾವ್ ಬದುಕನ್ನು ಒಂದು ಸಿಗದ ಪದಕಕ್ಕೆ ಇಳಿಸಿಬಿಟ್ಟರೆ, ಆ ಬದುಕಿನಲ್ಲಿ ನಿಜವಾಗಿ ನಡೆದ ಅನ್ಯಾಯಗಳು ಕಣ್ಣಿಗೇ ಬೀಳುವುದಿಲ್ಲ. ಅವು ಸ್ವೀಡನ್‌ನಲ್ಲಿ ನಡೆದಿದ್ದಲ್ಲ. ಮದ್ರಾಸಿನ ಆಪರೇಷನ್ ಥಿಯೇಟರ್‌ನಲ್ಲಿ, ಬಾಸ್ಟನ್ನಿನ ಲ್ಯಾಬಿನಲ್ಲಿ, ವಾಷಿಂಗ್ಟನ್ನಿನ ವಲಸೆ ಕಾನೂನಿನಲ್ಲಿ ನಡೆದಿದ್ದು. ಆ ಥರದ ಬಾಗಿಲುಗಳು ಇವತ್ತಿಗೂ ಇವೆ. ಹಾಗಾಗಿ ಈ ಕತೆಯನ್ನು ಮೊದಲಿಂದ ಹೇಳಬೇಕು.

ಭೀಮಾವರಂನ ಹುಡುಗ

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಆಗಿನ ಮದ್ರಾಸ್ ಪ್ರಾಂತ್ಯದ ಭೀಮಾವರಂನಲ್ಲಿ. ಈಗ ಅದು ಆಂಧ್ರದ ಪಶ್ಚಿಮ ಗೋದಾವರಿ. ತೆಲುಗು ಬ್ರಾಹ್ಮಣ ಕುಟುಂಬ, ಏಳು ಮಕ್ಕಳಲ್ಲಿ ನಾಲ್ಕನೆಯವರು. ಅಪ್ಪ ಜಗನ್ನಾಥಂ ಕಂದಾಯ ಇಲಾಖೆಯಲ್ಲಿದ್ದರು, ಬೆರಿಬೆರಿ ಕಾಯಿಲೆಯಿಂದ ಅವಧಿಗೆ ಮುಂಚೆಯೇ ಕೆಲಸ ಬಿಡಬೇಕಾಯ್ತು. ವಿಟಮಿನ್ ಕೊರತೆಯಿಂದ ಬರುವ ಕಾಯಿಲೆ ಅದು. ಮುಂದೆ ವಿಟಮಿನ್‌ಗಳ ಬೆನ್ನು ಹತ್ತಿದ ಮನುಷ್ಯನ ಮನೆಗೆ ಬಡತನ ನುಗ್ಗಿದ್ದು ವಿಟಮಿನ್ ಕೊರತೆಯ ಮೂಲಕವೇ.

ಓದಿನಲ್ಲಿ ಹುಡುಗ ರ‍್ಯಾಂಕ್ ವಿದ್ಯಾರ್ಥಿಯೇನಲ್ಲ. ಒಮ್ಮೆ ಮನೆ ಬಿಟ್ಟು ಕಾಶಿಗೆ ಓಡಿಹೋಗಲು ಹೊರಟಿದ್ದ. ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡುವ ಯೋಚನೆ. ಅಮ್ಮ ವೆಂಕಮ್ಮ ಹಿಡಿದು ತಂದು ಮತ್ತೆ ಶಾಲೆಗೆ ಕೂರಿಸಿದರು. ಮೆಟ್ರಿಕ್ ಪಾಸಾಗಿದ್ದು ಮೂರನೇ ಪ್ರಯತ್ನದಲ್ಲಿ, ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ. ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದಾಗ ರಾಮಕೃಷ್ಣ ಮಿಷನ್ ಸೇರಿ ಸನ್ಯಾಸಿಯಾಗುವ ಆಸೆ ಹುಟ್ಟಿತು. ಅಮ್ಮ ಒಪ್ಪಲಿಲ್ಲ. ಸೇವೆ ಮಾಡುವುದೇ ಆದರೆ ವೈದ್ಯನಾಗಿ ಮಾಡು ಎಂಬ ದಾರಿ ತೋರಿಸಿದ್ದು ಮಿಷನ್ನಿನವರೇ. ಹಾಗೆ ಮದ್ರಾಸ್ ಮೆಡಿಕಲ್ ಕಾಲೇಜಿಗೆ ಬಂದರು.

ಇದೇ ಕಾಲದಲ್ಲಿ ಮನೆಗೆ ದೊಡ್ಡ ಪೆಟ್ಟು ಬಿತ್ತು. ಅವರ ಇಬ್ಬರು ಸೋದರರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ಕಾಯಿಲೆಗೆ ಬಲಿಯಾದರು. ಹೆಸರು ನಮಗೆ ಅಪರಿಚಿತ ಅನ್ನಿಸಬಹುದು. ಕರುಳು ತಿಂದದ್ದನ್ನು ಹೀರಿಕೊಳ್ಳುವುದನ್ನೇ ನಿಲ್ಲಿಸುತ್ತೆ, ಭೇದಿ ನಿಲ್ಲುವುದಿಲ್ಲ, ರಕ್ತ ತೆಳುವಾಗುತ್ತಾ ಮನುಷ್ಯ ಸವೆದುಹೋಗುತ್ತಾನೆ. ಉಷ್ಣವಲಯದ ರೋಗ. ಆಗ ಅದಕ್ಕೆ ಖಚಿತವಾದ ಔಷಧ ಇರಲಿಲ್ಲ. ಈ ಕಾಯಿಲೆಯ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಖಾದಿ ಗೌನಿನ ಬೆಲೆ

1920-21 ಅಂದರೆ ಅಸಹಕಾರ ಚಳವಳಿಯ ಕಾಲ. ವಿದೇಶಿ ಬಟ್ಟೆ ಬಿಡಿ ಎಂದು ಗಾಂಧಿ ಕರೆ ಕೊಟ್ಟಿದ್ದರು. ಕಾಲೇಜು ಬಿಟ್ಟು ಬೀದಿಗಿಳಿದವರು ಬಹಳ ಮಂದಿ. ಸುಬ್ಬರಾವ್ ಕಾಲೇಜು ಬಿಡಲಿಲ್ಲ, ಆದರೆ ಸರ್ಜರಿ ಮಾಡುವಾಗ ಹಾಕುವ ಗೌನನ್ನೇ ಖಾದಿಯಲ್ಲಿ ಹೊಲಿಸಿಕೊಂಡು ಹೋದರು. ಸರ್ಜರಿ ಪ್ರಾಧ್ಯಾಪಕ ಬ್ರಾಡ್‌ಫೀಲ್ಡ್‌ಗೆ ಇದು ಹಿಡಿಸಲಿಲ್ಲ. ಲಿಖಿತ ಪರೀಕ್ಷೆಯಲ್ಲಿ ಚೆನ್ನಾಗಿ ಬರೆದಿದ್ದರೂ ಸುಬ್ಬರಾವ್ ಕೈಗೆ ಬಂದಿದ್ದು ಪೂರ್ಣ ಎಂಬಿಬಿಎಸ್ ಅಲ್ಲ, ಎಲ್‌ಎಂಎಸ್ ಎಂಬ ಕೆಳದರ್ಜೆಯ ಸರ್ಟಿಫಿಕೇಟ್. ಅವರ ಬದುಕು ಬರೆದವರೆಲ್ಲ ಈ ಎರಡನ್ನೂ ಜೋಡಿಸಿಯೇ ಹೇಳುತ್ತಾರೆ.

ಇದನ್ನು ಸಣ್ಣ ವಿಷಯ ಅಂದ್ಕೋಬೇಡಿ. ಎಲ್‌ಎಂಎಸ್ ಅಂದರೆ ವೈದ್ಯ ಹೌದು, ಆದರೆ ಎರಡನೇ ಸಾಲಿನ ವೈದ್ಯ. ಮದ್ರಾಸ್ ಮೆಡಿಕಲ್ ಸರ್ವೀಸ್‌ಗೆ ಸೇರಲು ನೋಡಿದರು, ಆಗಲಿಲ್ಲ. ಅಧಿಕಾರಸ್ಥರು ಯಾರನ್ನೂ ಜೈಲಿಗೆ ಹಾಕಬೇಕಿಲ್ಲ, ಲಾಠಿ ಬೀಸಬೇಕಿಲ್ಲ. ಮಾರ್ಕ್ಸ್‌ಕಾರ್ಡಿನಲ್ಲಿ ಒಂದು ಗೆರೆ ಎಳೆದರೆ ಸಾಕು. ಇಂಟರ್ನಲ್ಸ್, ವೈವಾ, ನಡತೆ ಪ್ರಮಾಣಪತ್ರ ಎಂಬ ಅಸ್ತ್ರಗಳ ಬಗ್ಗೆ ಇವತ್ತಿನ ಕ್ಯಾಂಪಸ್ಸಿನಲ್ಲಿರುವವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಕೆಲಸ ಸಿಕ್ಕಿದ್ದು ಎಲ್ಲಿ ಗೊತ್ತಾ? ಮದ್ರಾಸಿನಲ್ಲಿ ಡಾ. ಲಕ್ಷ್ಮೀಪತಿಯವರು ನಡೆಸುತ್ತಿದ್ದ ಆಯುರ್ವೇದ ಕಾಲೇಜಿನಲ್ಲಿ, ಅನಾಟಮಿ ಪಾಠ ಹೇಳುವ ಕೆಲಸ. ಅಲ್ಲಿ ಅವರು ಗಿಡಮೂಲಿಕೆ ಔಷಧಗಳನ್ನು ಹತ್ತಿರದಿಂದ ನೋಡಿದರು. ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತು ಎಂದು ಎದೆ ತಟ್ಟಿಕೊಳ್ಳಲಿಲ್ಲ, ಇದೆಲ್ಲ ಮೂಢನಂಬಿಕೆ ಎಂದು ತಳ್ಳಿಯೂ ಹಾಕಲಿಲ್ಲ. ಈ ಸೊಪ್ಪು, ಬೇರು, ಕಷಾಯಗಳಲ್ಲಿ ಕೆಲಸ ಮಾಡುವ ವಸ್ತು ಯಾವುದು, ಅದನ್ನು ಬೇರ್ಪಡಿಸಿ ಅಳೆಯಬಹುದಾ ಎಂಬ ಪ್ರಶ್ನೆ ಅವರನ್ನು ಹಿಡಿಯಿತು. ಜೀವಂತ ವಸ್ತುವಿನೊಳಗಿನ ಒಂದು ಅಣುವನ್ನು ಹುಡುಕಿ ತೆಗೆಯುವ ಈ ಚಟವೇ ಮುಂದೆ ಅವರ ಜೀವನವಾಯ್ತು.

ಬಾಸ್ಟನ್ನಿನಲ್ಲಿ ರಾತ್ರಿಪಾಳಿ

1920ರ ದಶಕದ ಆರಂಭದಲ್ಲಿ ಸುಬ್ಬರಾವ್ ಹಡಗು ಹತ್ತಿದರು. ಹಾರ್ವರ್ಡ್‌ನ ಉಷ್ಣವಲಯದ ವೈದ್ಯಶಾಸ್ತ್ರ ವಿಭಾಗದಲ್ಲಿ ಸೀಟು ಸಿಕ್ಕಿತ್ತು, ದುಡ್ಡು ಸಿಕ್ಕಿರಲಿಲ್ಲ. ದುಡ್ಡು ಬಂದಿದ್ದು ಎರಡು ಕಡೆಯಿಂದ. ಒಂದು, ಹೆಣ್ಣು ಕೊಟ್ಟ ಮಾವ ಕಸ್ತೂರಿ ಸೂರ್ಯನಾರಾಯಣಮೂರ್ತಿ. ಇನ್ನೊಂದು, ಕಾಕಿನಾಡದ ಸತ್ಯಲಿಂಗ ನಾಯ್ಕರ್ ಧರ್ಮನಿಧಿ.

1919ರಲ್ಲಿ ಮದುವೆಯಾದ ಹೆಂಡತಿ ಶೇಷಗಿರಿ ಊರಲ್ಲೇ ಉಳಿದರು. ಅವರ ಗಂಡುಮಗು ವರ್ಷ ತುಂಬುವ ಮೊದಲೇ ಚರ್ಮದ ಸೋಂಕಿನಿಂದ ತೀರಿಕೊಂಡಿತು. ಅಪ್ಪ ಆಗ ಸಮುದ್ರದಾಚೆ. ಕೆಲವೇ ವರ್ಷಗಳಲ್ಲಿ ವಾಪಸ್ ಬರುವೆ ಎಂದು ಹೋದ ಗಂಡ ಮತ್ತೆ ಯಾವತ್ತೂ ಬರಲಿಲ್ಲ. ಸಾಧಕರ ಜೀವನಚರಿತ್ರೆಗಳಲ್ಲಿ ಹೆಂಡತಿಯ ಭಾಗ ಒಂದೆರಡು ಸಾಲಿಗೆ ಮುಗಿಯುತ್ತೆ. ಸುಬ್ಬರಾವ್ ಮೇಲೆ ಎಷ್ಟೇ ಅಭಿಮಾನ ಇದ್ದರೂ ಈ ಲೆಕ್ಕವನ್ನು ಬಿಟ್ಟು ಮುಂದೆ ಹೋಗಲು ನನಗಾಗದು. ಆ ಸಂಶೋಧನೆಗೆ ಶೇಷಗಿರಿ ತೆತ್ತ ಬೆಲೆ ಒಂದು ಇಡೀ ಬದುಕು, ಅದನ್ನು ಅವರನ್ನು ಕೇಳಿ ಯಾರೂ ತೆಗೆದುಕೊಂಡಿದ್ದಲ್ಲ.

ಬಾಸ್ಟನ್ನಿನಲ್ಲಿ ಹೊಟ್ಟೆಪಾಡಿಗೆ ಸುಬ್ಬರಾವ್ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡಿದರು, ರೋಗಿಗಳ ಮಲಮೂತ್ರದ ಪಾತ್ರೆ ಎತ್ತಿದರು. ಹಗಲು ಓದು. ಡಿಪ್ಲೊಮಾ ಮುಗಿಸಿ ಬಯೋಕೆಮಿಸ್ಟ್ರಿ ವಿಭಾಗದಲ್ಲಿ ಸೈರಸ್ ಫಿಸ್ಕೆ ಎಂಬ ಪ್ರಾಧ್ಯಾಪಕರ ಲ್ಯಾಬ್ ಸೇರಿದರು.

1925ರಲ್ಲಿ ಇಬ್ಬರೂ ಸೇರಿ ಒಂದು ವಿಧಾನ ಪ್ರಕಟಿಸಿದರು. ರಕ್ತ, ಮೂತ್ರದಂಥ ದ್ರವಗಳಲ್ಲಿ ರಂಜಕ ಎಷ್ಟಿದೆ ಎಂದು ಅಳೆಯುವ ವಿಧಾನ. ಸರಳವಾಗಿ ಹೇಳೋದಾದ್ರೆ, ದ್ರವಕ್ಕೆ ಮಾಲಿಬ್ಡೇಟ್ ಹಾಕಿ ಇನ್ನೊಂದು ರಾಸಾಯನಿಕ ಬೆರೆಸಿದರೆ ನೀಲಿ ಬಣ್ಣ ಬರುತ್ತೆ. ರಂಜಕ ಹೆಚ್ಚಿದ್ದಷ್ಟೂ ನೀಲಿ ಗಾಢ. ಆ ನೀಲಿಯನ್ನು ಅಳೆದರೆ ರಂಜಕದ ಲೆಕ್ಕ ಸಿಕ್ಕಿತು. ಫಿಸ್ಕೆ-ಸುಬ್ಬರಾವ್ ವಿಧಾನ ಅಂತಲೇ ಇದರ ಹೆಸರು. ಬಯೋಕೆಮಿಸ್ಟ್ರಿ ವಿದ್ಯಾರ್ಥಿಗಳು ಇದನ್ನು ಇವತ್ತಿಗೂ ಪ್ರಾಕ್ಟಿಕಲ್‌ನಲ್ಲಿ ಮಾಡುತ್ತಾರೆ. ಮಾಡುವವರಲ್ಲಿ ಎಷ್ಟು ಜನಕ್ಕೆ ಎರಡನೇ ಹೆಸರು ಭೀಮಾವರಂನದು ಅಂತ ಗೊತ್ತಿದೆಯೋ!

ಒಳ್ಳೆಯ ಅಳತೆಗೋಲು ಕೈಗೆ ಬಂದರೆ ಕಾಣದ್ದೆಲ್ಲ ಕಾಣತೊಡಗುತ್ತೆ. 1927ರಲ್ಲಿ ಸ್ನಾಯುವಿನಲ್ಲಿ ಫಾಸ್ಫೋಕ್ರಿಯಾಟಿನ್ ಎಂಬ ವಸ್ತು ಸಿಕ್ಕಿತು. ಸ್ನಾಯು ಸಂಕುಚಿಸುವಾಗ ಅದು ಒಡೆಯುತ್ತೆ, ವಿಶ್ರಾಂತಿಯಲ್ಲಿ ಮತ್ತೆ ಕೂಡಿಕೊಳ್ಳುತ್ತೆ. ಸ್ನಾಯುವಿನ ಶಕ್ತಿಯೆಲ್ಲ ಗ್ಲೈಕೋಜೆನ್ ಲ್ಯಾಕ್ಟಿಕ್ ಆಸಿಡ್ ಆಗುವುದರಿಂದ ಬರುತ್ತದೆ ಎಂದು ಆಗ ನಂಬಲಾಗಿತ್ತು. ಸ್ನಾಯುವಿನ ಅಧ್ಯಯನಕ್ಕಾಗಿ ಹಿಲ್ ಮತ್ತು ಮೇಯರ್‌ಹಾಫ್‌ಗೆ 1922ರ ನೊಬೆಲ್ ಕೂಡ ಸಂದಿತ್ತು. ಆ ನಂಬಿಕೆಯಲ್ಲಿ ಬಿರುಕು ಬಿತ್ತು. 1929ರಲ್ಲಿ ಎಟಿಪಿ. ಪಿಯುಸಿ ಬಯಾಲಜಿಯಲ್ಲಿ ಜೀವಕೋಶದ ಕರೆನ್ಸಿ ಅಂತ ಓದುತ್ತೀರಲ್ಲ, ಅದೇ. ಜರ್ಮನಿಯಲ್ಲಿ ಕಾರ್ಲ್ ಲೋಹ್ಮನ್ ಕೂಡ ಅದೇ ವರ್ಷ ಸ್ವತಂತ್ರವಾಗಿ ಅದನ್ನು ಕಂಡುಹಿಡಿದಿದ್ದರು. 1930ರಲ್ಲಿ ಸುಬ್ಬರಾವ್‌ಗೆ ಹಾರ್ವರ್ಡ್ ಪಿಎಚ್‌ಡಿ ಬಂತು.

ಆದರೆ ಕಾಯಂ ಹುದ್ದೆ ಬರಲಿಲ್ಲ. ವರ್ಷಗಟ್ಟಲೆ ದುಡಿದರೂ ಹಾರ್ವರ್ಡ್ ಅವರನ್ನು ಕಾಯಂ ಮಾಡಲಿಲ್ಲ. ಲ್ಯಾಬಿನ ಹೆಗ್ಗಳಿಕೆಯೆಲ್ಲ ಫಿಸ್ಕೆ ಕಡೆಗೆ ವಾಲಿತ್ತು. ಸುಬ್ಬರಾವ್ ಕೂಡ ತಾನಾಗಿಯೇ ಹಿಂದೆ ಸರಿದು ನಿಲ್ಲುತ್ತಿದ್ದ ಮನುಷ್ಯ. ಅದೇ ಲ್ಯಾಬಿನಲ್ಲಿ ಓದಿ, 1988ರಲ್ಲಿ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್ ಮುಂದೆ ಇದನ್ನು ಬಾಯಿಬಿಟ್ಟು ಹೇಳಿದರು. ಸುಬ್ಬರಾವ್ ಬೇರ್ಪಡಿಸಿದ್ದ ಕೆಲವು ವಸ್ತುಗಳನ್ನು ವರ್ಷಗಳ ನಂತರ ಬೇರೆಯವರು ಮತ್ತೆ ಕಂಡುಹಿಡಿಯಬೇಕಾಯ್ತು, ಯಾಕಂದ್ರೆ ಫಿಸ್ಕೆ ಅಸೂಯೆಯಿಂದ ಅವನ್ನು ಬೆಳಕಿಗೆ ಬರಲು ಬಿಡಲಿಲ್ಲ ಎಂಬುದು ಅವರ ಆರೋಪ.

ಕಾರ್ಖಾನೆಗೆ ಬಂದ ವಿಜ್ಞಾನಿ

1940ರಲ್ಲಿ ಸುಬ್ಬರಾವ್ ಹಾರ್ವರ್ಡ್ ಬಿಟ್ಟರು. ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲಿ ಲ್ಯಾಬೊರೇಟರೀಸ್ ಸೇರಿ, ಅಲ್ಲಿನ ಸಂಶೋಧನೆಯ ನೇತೃತ್ವ ವಹಿಸಿದರು. ಅಮೆರಿಕನ್ ಸಯನಮಿಡ್ ಎಂಬ ರಾಸಾಯನಿಕ ಕಂಪನಿಯ ಅಂಗ ಅದು. ವಿಶ್ವವಿದ್ಯಾಲಯ ಕೊಡದ ಕುರ್ಚಿಯನ್ನು ಕಾರ್ಖಾನೆ ಕೊಟ್ಟಿತು. ಎಂಟೇ ವರ್ಷ. ಅಷ್ಟರಲ್ಲಿ ಆ ಕಾರ್ಖಾನೆಯಿಂದ ಹೊರಬಂದ ಪಟ್ಟಿ ನೋಡಿದರೆ ಯಾರಾದರೂ ಬೆಚ್ಚಿಬೀಳಬೇಕು.

ಮೊದಲು ಫೋಲಿಕ್ ಆಸಿಡ್. ಇದರ ಕತೆ ಬಾಸ್ಟನ್‌ನಿಂದಲೂ ಅಲ್ಲ, ಪರ್ಲ್ ರಿವರ್‌ನಿಂದಲೂ ಅಲ್ಲ, ಮುಂಬೈನ ಗಿರಣಿಗಳಿಂದ ಶುರುವಾಗುತ್ತೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿಗೆ ಬಂದರು. ಬಟ್ಟೆಗಿರಣಿಯಲ್ಲಿ ದುಡಿಯುವ ಬಡ ಗರ್ಭಿಣಿಯರಿಗೆ ಬರುತ್ತಿದ್ದ ಭೀಕರ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರ ಕೊಟ್ಟರೆ ಅದು ವಾಸಿಯಾಗುತ್ತಿತ್ತು. ಯೀಸ್ಟಿನಲ್ಲಿ ಏನೋ ಇದೆ, ಏನಂತ ಗೊತ್ತಿಲ್ಲ. 1941ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಮಿಚೆಲ್, ಸ್ನೆಲ್, ವಿಲಿಯಮ್ಸ್ ಸೇರಿ 4 ಟನ್ ಪಾಲಕ್ ಸೊಪ್ಪು ಅರೆದು, ಅದರಿಂದ ತುಸುವೇ ತುಸು ವಸ್ತು ತೆಗೆದರು. ಎಲೆಗೆ ಲ್ಯಾಟಿನ್‌ನಲ್ಲಿ ಫೋಲಿಯಂ, ಹಾಗಾಗಿ ಫೋಲಿಕ್ ಆಸಿಡ್ ಎಂಬ ಹೆಸರು ಬಂತು.

ಹಸಿರೆಲೆಯಲ್ಲಿರುವ ಒಂದು ಅಣು ಗರ್ಭಿಣಿಯ ರಕ್ತವನ್ನು ಉಳಿಸಬಲ್ಲದು ಎಂದು ಗೊತ್ತಾಯ್ತು. ಆದರೆ 4 ಟನ್ ಸೊಪ್ಪು ಅರೆದು ಜಗತ್ತಿಗೆ ಔಷಧ ಕೊಡಲಾಗದು. ಅಣುವಿನ ರಚನೆ ಪತ್ತೆಯಾಗಬೇಕು, ಅದನ್ನು ಪಾತ್ರೆಯಲ್ಲಿ ಕೃತಕವಾಗಿ ತಯಾರಿಸಬೇಕು. ಲೆಡರ್ಲಿ ತಂಡ ಲಿವರ್ ಮತ್ತು ಸೂಕ್ಷ್ಮಜೀವಿಗಳಿಂದ ಅದನ್ನು ಬೇರ್ಪಡಿಸಿ, ರಚನೆ ಬಿಡಿಸಿ, 1945ರಲ್ಲಿ ಕೃತಕ ತಯಾರಿಕೆಯನ್ನು ಪ್ರಕಟಿಸಿತು. ಆ ಪ್ರಬಂಧದಲ್ಲಿ ಒಬ್ಬರ ಹೆಸರಲ್ಲ, ಒಂದು ದೊಡ್ಡ ತಂಡದ ಹೆಸರಿದೆ. ಸುಬ್ಬರಾವ್ ಒಬ್ಬರೇ ಕಂಡುಹಿಡಿದರು ಎನ್ನುವ ಫಾರ್ವರ್ಡ್ ಎಡವುವುದು ಇಲ್ಲೇ.

ತಯಾರಾದ ಔಷಧವನ್ನು ಕ್ಯೂಬಾ, ಪೋರ್ಟೊರಿಕೊಗಳಲ್ಲಿ ಟಾಮ್ ಸ್ಪೀಸ್ ಎಂಬ ವೈದ್ಯ ರೋಗಿಗಳಿಗೆ ಕೊಟ್ಟು ನೋಡಿದರು. ಯಾವ ರೋಗಕ್ಕೆ? ಸ್ಪ್ರೂ. ರೋಗಿಗಳು ಎದ್ದು ಕೂತರು. ಸೋದರರು ಹೋಗಿ ಕಾಲು ಶತಮಾನ ದಾಟಿತ್ತು.

ಇವತ್ತು ನಮ್ಮ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಗರ್ಭಿಣಿಯರಿಗೆ ಕೊಡುವ ಕೆಂಪು ಮಾತ್ರೆ, ಹೈಸ್ಕೂಲಿನಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ಇದೆಯಲ್ಲ, ಅದರಲ್ಲಿರುವುದು ಕಬ್ಬಿಣ ಮತ್ತು ಇದೇ ಫೋಲಿಕ್ ಆಸಿಡ್.

ಚಾಕು ಮುಟ್ಟಲಾರದ ಕ್ಯಾನ್ಸರ್

ಆ ಕಾಲಕ್ಕೆ ಕ್ಯಾನ್ಸರ್‌ಗೆ ಇದ್ದ ದಾರಿ ಎರಡೇ: ಕತ್ತರಿಸಿ ತೆಗೆಯುವುದು, ವಿಕಿರಣದಿಂದ ಸುಡುವುದು. ರಕ್ತದ ಕ್ಯಾನ್ಸರ್‌ಗೆ ಎರಡೂ ಪರಿಹಾರ ಕೊಡುತ್ತಿರಲಿಲ್ಲ. ಮೈತುಂಬ ಹರಿಯುವ ರಕ್ತವನ್ನು ಯಾವ ಸರ್ಜನ್ ಕತ್ತರಿಸಿ ತೆಗೆದಾನು? ಲ್ಯುಕೇಮಿಯಾ ಬಂದ ಮಕ್ಕಳು ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ತೀರಿಹೋಗುತ್ತಿದ್ದರು.

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಪೆಥಾಲಜಿಸ್ಟ್ ಸಿಡ್ನಿ ಫಾರ್ಬರ್, ಲೆಡರ್ಲಿಯಿಂದ ಫೋಲಿಕ್ ಆಸಿಡ್‌ನ ರೂಪಗಳನ್ನು ತರಿಸಿ ರೋಗಿಗಳಿಗೆ ಕೊಟ್ಟರು. ಫಲಿತಾಂಶ ಉಲ್ಟಾ ಆಯ್ತು. ಕಾಯಿಲೆ ಇನ್ನಷ್ಟು ಜೋರಾದಂತೆ ಕಂಡಿತು. ಕ್ಯಾನ್ಸರ್ ಕೋಶಗಳು ಹುಚ್ಚಾಪಟ್ಟೆ ಬೆಳೆಯಲು ಡಿಎನ್‌ಎ ತಯಾರಾಗುತ್ತಲೇ ಇರಬೇಕು, ಅದಕ್ಕೆ ಫೋಲಿಕ್ ಆಸಿಡ್ ಬೇಕು. ಹಾಗಾದರೆ ಫೋಲಿಕ್ ಆಸಿಡ್‌ನಂತೆಯೇ ಕಾಣುವ, ಆದರೆ ಕೆಲಸ ಮಾಡದ ಒಂದು ನಕಲಿ ಅಣು ಕೊಟ್ಟರೆ? ಬೀಗಕ್ಕೆ ತೂರಿಕೊಳ್ಳುವ, ಆದರೆ ತಿರುಗದ ಕೀಲಿಯ ಥರ. ಸುಬ್ಬರಾವ್ ಲ್ಯಾಬಿನಲ್ಲಿ ಆಗಲೇ ಅಂಥ ಕೀಲಿಗಳು ತಯಾರಾಗುತ್ತಿದ್ದವು. ಅದರಲ್ಲೊಂದು ಅಮಿನಾಪ್ಟೆರಿನ್, ಇನ್ನೊಂದು ನಂತರ ಮೆಥೊಟ್ರೆಕ್ಸೇಟ್ ಎಂದು ಹೆಸರಾಗಿದ್ದು.

1948ರ ಜೂನ್‌ನಲ್ಲಿ ಫಾರ್ಬರ್ ವರದಿ ಪ್ರಕಟವಾಯ್ತು. ಅಮಿನಾಪ್ಟೆರಿನ್ ಪಡೆದ 16 ಮಕ್ಕಳಲ್ಲಿ 10 ಮಂದಿಯ ಕಾಯಿಲೆ ಹಿಂದೆ ಸರಿದಿತ್ತು. ಶಾಶ್ವತವಾಗಿ ಅಲ್ಲ, ಕಾಯಿಲೆ ಮತ್ತೆ ಮರಳುತ್ತಿತ್ತು. ಆದರೆ ರಕ್ತದ ಕ್ಯಾನ್ಸರನ್ನು ಒಂದು ರಾಸಾಯನಿಕದಿಂದ ಹಿಮ್ಮೆಟ್ಟಿಸಬಹುದು ಅಂತ ತೋರಿಸಿದಂತಾಯ್ತು. ಇವತ್ತಿನ ಕೀಮೋಥೆರಪಿಯ ದೊಡ್ಡ ಬೇರುಗಳಲ್ಲಿ ಇದೊಂದು. ಮೆಥೊಟ್ರೆಕ್ಸೇಟ್ ಈಗಲೂ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿದೆ. ಮಕ್ಕಳ ಲ್ಯುಕೇಮಿಯಾ, ಸಂಧಿವಾತ, ಸೋರಿಯಾಸಿಸ್ ಎಲ್ಲಕ್ಕೂ ಕೊಡುತ್ತಾರೆ. ಗರ್ಭಕೋಶದ ಹೊರಗೆ ಗರ್ಭ ಕಟ್ಟಿದಾಗ, ಬೇಗ ಪತ್ತೆಯಾದರೆ ಎಷ್ಟೋ ಹೆಂಗಸರಿಗೆ ಆಪರೇಷನ್ ಇಲ್ಲದೆ ಇದೇ ಔಷಧದಿಂದ ಚಿಕಿತ್ಸೆ ಸಾಧ್ಯ. ಸರ್ಜರಿಯ ಪರೀಕ್ಷೆಯಲ್ಲಿ ತಡೆಯಲ್ಪಟ್ಟ ಮನುಷ್ಯನ ಲ್ಯಾಬು ಜನರನ್ನು ಸರ್ಜರಿಯಿಂದಲೇ ತಪ್ಪಿಸಿತು.

ಕಲಬುರಗಿಯ ಮಾತ್ರೆ, ಮಿಸ್ಸೂರಿಯ ಮಣ್ಣು

ಇದೇ ಲ್ಯಾಬಿನ ಇನ್ನೊಂದು ಔಷಧ ಡೈಈಥೈಲ್‌ಕಾರ್ಬಮಜೈನ್, 1947ರಲ್ಲಿ ಬಂದಿದ್ದು. ಹೆಸರು ನಾಲಿಗೆಗೆ ಸಿಗಲ್ಲ, ಡಿಇಸಿ ಅಂದರೆ ಕಲಬುರಗಿ, ಯಾದಗಿರಿ, ಬೀದರ್ ಕಡೆಯವರಿಗೆ ಗೊತ್ತಾಗುತ್ತೆ. ಆನೆಕಾಲು ರೋಗ ತಡೆಯಲು ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ಎದುರಲ್ಲೇ ನುಂಗಿಸುತ್ತಿದ್ದ ಮಾತ್ರೆ ಇದೇ. ಆನೆಕಾಲು ಬಡವರ ರೋಗ, ಅದರಿಂದ ಕಂಪನಿಗಳಿಗೆ ದೊಡ್ಡ ಲಾಭವೂ ಇಲ್ಲ. ಇಷ್ಟು ವರ್ಷಗಳ ನಂತರವೂ ನಾವು ಅದೇ ಮಾತ್ರೆಯನ್ನು ನಂಬಿಕೊಂಡಿದ್ದೇವೆ ಎನ್ನುವುದೇ ಔಷಧೋದ್ಯಮದ ಆದ್ಯತೆ ಏನು ಅಂತ ಹೇಳುತ್ತೆ.

ಇನ್ನು ಆಂಟಿಬಯಾಟಿಕ್. ಬೆಂಜಮಿನ್ ಡಗ್ಗರ್ ಅಂತ ಒಬ್ಬ ಸಸ್ಯವಿಜ್ಞಾನಿ. ಜೀವಮಾನವಿಡೀ ಸಸ್ಯಗಳ ಶರೀರಕ್ರಿಯೆ, ಶಿಲೀಂಧ್ರ, ತಂಬಾಕಿನ ವೈರಸ್ ಅಧ್ಯಯನ ಮಾಡಿದವರು. 70 ತುಂಬಿತೆಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ನಿವೃತ್ತಿ ಕೊಟ್ಟಿತು. 1944ರಲ್ಲಿ ಅವರು ಸುಬ್ಬರಾವ್ ನೇತೃತ್ವದ ಲೆಡರ್ಲಿಗೆ ಬಂದರು. ಕೆಲಸ ಏನಪ್ಪಾ ಅಂದ್ರೆ, ಬೇರೆಬೇರೆ ಕಡೆಯ ಮಣ್ಣು ತರಿಸಿ, ಅದರಲ್ಲಿರುವ ಸೂಕ್ಷ್ಮಜೀವಿಗಳಲ್ಲಿ ರೋಗಾಣುಗಳನ್ನು ಕೊಲ್ಲುವಂಥವು ಇವೆಯಾ ಎಂದು ಹುಡುಕುವುದು. ಮಿಸ್ಸೂರಿ ವಿಶ್ವವಿದ್ಯಾಲಯದ ಸ್ಯಾನ್‌ಬಾರ್ನ್ ಪ್ರಯೋಗ ಹೊಲದಿಂದ ಬಂದ ಮಣ್ಣಿನಲ್ಲಿ ಬಂಗಾರದ ಬಣ್ಣದ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಅದರಿಂದ ಬಂದದ್ದು ಆರಿಯೋಮೈಸಿನ್, ಟೆಟ್ರಾಸೈಕ್ಲಿನ್ ಕುಟುಂಬದ ಮೊದಲ ಔಷಧ. 1948ರಲ್ಲಿ ಜಗತ್ತಿಗೆ ಗೊತ್ತಾಯ್ತು. ನಮ್ಮ ಮಲೆನಾಡು, ಕರಾವಳಿಯಲ್ಲಿ ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಇದೇ ಕುಟುಂಬದ್ದು. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಭೀತಿ ಹಬ್ಬಿದಾಗ ಜನ ಹುಡುಕಿಕೊಂಡು ಓಡಿದ್ದೂ ಟೆಟ್ರಾಸೈಕ್ಲಿನ್‌ಗೇ.

ಇಲ್ಲಿ ಇಂಜಿನಿಯರಿಂಗ್ ಓದಿದವನಾಗಿ ಒಂದು ಮಾತು ಸೇರಿಸುತ್ತೇನೆ. ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಸಿಕ್ಕರೆ ಔಷಧ ಸಿಕ್ಕಂತಲ್ಲ. ಲ್ಯಾಬಿನ ಗಾಜಿನ ಬುರುಡೆಯಲ್ಲಿ ಬೆಳೆಯುವ ಜೀವಿಯನ್ನು ಸಾವಿರಾರು ಲೀಟರ್ ಟ್ಯಾಂಕಿಗೆ ಹಾಕಿದರೆ ಸಮಸ್ಯೆಗಳು ಬೇರೆಯೇ. ಅದಕ್ಕೆ ಉಸಿರಾಡಲು ಗಾಳಿ ಬೇಕು, ಆ ಗಾಳಿಯಲ್ಲಿ ಬೇರೆ ಒಂದೇ ಒಂದು ಜೀವಾಣು ಇರಬಾರದು. ಕಲಕುತ್ತಲೇ ಇರಬೇಕು, ಕಲಕಿದರೆ ನೊರೆ. ಬೆಳೆಯುವಾಗ ಹುಟ್ಟುವ ಶಾಖವನ್ನು ತೆಗೆಯದಿದ್ದರೆ ಜೀವಿ ಬೆಂದುಹೋಗುತ್ತೆ. ಕೊನೆಗೆ ಆ ಕೊಚ್ಚೆಯಿಂದ ಶುದ್ಧ ಔಷಧ ಬಸಿಯಬೇಕು. ಯುದ್ಧಕಾಲದಲ್ಲಿ ಪೆನಿಸಿಲಿನ್ ತಯಾರಿಸುತ್ತಾ ಅಮೆರಿಕದ ಇಂಜಿನಿಯರುಗಳು ಇದನ್ನು ಕಲಿತಿದ್ದರು. ಸಸ್ಯವಿಜ್ಞಾನಿ ಮಣ್ಣು ಹುಡುಕಿದರೂ, ವೈದ್ಯ ರೋಗಿಯನ್ನು ನೋಡಿದರೂ, ನಡುವೆ ಈ ಟ್ಯಾಂಕು ನಡೆಸುವವರು ಇಲ್ಲದೆ ಮಾತ್ರೆ ಅಂಗಡಿಗೆ ಬರುವುದಿಲ್ಲ. ಸುಬ್ಬರಾವ್ ಈ ಮೂರೂ ಬಗೆಯ ಜನರನ್ನು ಒಂದೇ ಸೂರಿನಡಿ ಕೆಲಸಕ್ಕೆ ಹಚ್ಚಿದರು. ನನ್ನ ಪ್ರಕಾರ ಅವರ ದೊಡ್ಡ ಸಾಧನೆ ಇದು.

ಇದಕ್ಕೊಂದು ಕಹಿ ಬಾಲವೂ ಇದೆ. ಸುಬ್ಬರಾವ್ ಹೋದ ಮೇಲೆ ಲೆಡರ್ಲಿಯ ಜೂಕ್ಸ್ ಮತ್ತು ಸ್ಟೋಕ್‌ಸ್ಟಾಡ್, ಆರಿಯೋಮೈಸಿನ್ ತಯಾರಿಕೆಯಲ್ಲಿ ಉಳಿದ ಗಸಿಯನ್ನು ಮೇವಿಗೆ ಬೆರೆಸಿದರೆ ಕೋಳಿಮರಿಗಳು ಬೇಗ ಬೆಳೆಯುತ್ತವೆ ಎಂದು ಕಂಡುಕೊಂಡರು. ಅಲ್ಲಿಂದ ಶುರುವಾದ ಪಶುಆಹಾರದ ಆಂಟಿಬಯಾಟಿಕ್ ದಂಧೆ, ಔಷಧಕ್ಕೆ ಬಗ್ಗದ ರೋಗಾಣುಗಳ ಸಮಸ್ಯೆಗೆ ಒಂದು ಕಾರಣವಾಗಿ ಈಗಲೂ ಕಾಡುತ್ತಿದೆ. ಏನು ತಯಾರಿಸಬೇಕು, ಯಾರಿಗೆ ಮಾರಬೇಕು ಎಂದು ತೀರ್ಮಾನಿಸುವವರು ವಿಜ್ಞಾನಿಗಳಲ್ಲ, ಲ್ಯಾಬಿನ ಮಾಲೀಕರು.

ಕಾಗದವಿಲ್ಲದ ಮನುಷ್ಯ

ಇಷ್ಟೆಲ್ಲ ಮಾಡುವಾಗ ಅಮೆರಿಕದಲ್ಲಿ ಸುಬ್ಬರಾವ್ ಸ್ಥಾನಮಾನ ಏನು? ಪರದೇಶಿ. 1917ರ ವಲಸೆ ಕಾನೂನು ಏಷ್ಯಾದ ಬಹುಭಾಗಕ್ಕೆ ಬಾಗಿಲು ಹಾಕಿತ್ತು, ವಿದ್ಯಾರ್ಥಿಗಳಿಗೆ ಮಾತ್ರ ಸಂದು ಇತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಆದ್ದರಿಂದ ನಾಗರಿಕರಾಗುವಂತಿಲ್ಲ ಎಂದಿತು. ಅಲ್ಲಿ ಥಿಂಡ್ ಮುಂದಿಟ್ಟಿದ್ದ ವಾದಗಳಲ್ಲಿ ತಾನು ಮೇಲ್ಜಾತಿಯ ಆರ್ಯ ಎಂಬುದೂ ಇತ್ತು. ಜಾತಿಯ ಮೆಟ್ಟಿಲು ಹಿಡಿದು ಜನಾಂಗದ ಮೆಟ್ಟಿಲು ಹತ್ತಲಾಗದು ಅಂತ ಕೋರ್ಟು ತೋರಿಸಿಕೊಟ್ಟಿತು. 1946ರ ಲೂಸ್-ಸೆಲ್ಲರ್ ಕಾಯ್ದೆ ಬಂದ ಮೇಲೆ ಭಾರತೀಯರಿಗೆ ನಾಗರಿಕತ್ವದ ಹಕ್ಕು ಸಿಕ್ಕಿತು. ವಲಸೆಗೆ ವರ್ಷಕ್ಕೆ ಕೊಟ್ಟ ಕೋಟಾ ಎಷ್ಟು ಗೊತ್ತಾ? 100.

ಸುಬ್ಬರಾವ್ ಅಮೆರಿಕದ ಪ್ರಜೆಯಾಗದೆಯೇ ಉಳಿದರು. 1948ರ ಆಗಸ್ಟ್‌ನಲ್ಲಿ, ಫಾರ್ಬರ್ ವರದಿ ಬಂದ ಎರಡು ತಿಂಗಳಿಗೆ, ಪರ್ಲ್ ರಿವರ್‌ನ ಮನೆಯಲ್ಲಿ ನಿದ್ದೆಯಲ್ಲೇ ಹೃದಯ ನಿಂತುಹೋಯಿತು. ವಯಸ್ಸು 53. ಅವರು ಬಿಟ್ಟುಹೋದ ದೇಶ ಸ್ವತಂತ್ರವಾಗಿ ಒಂದು ವರ್ಷ ಆಗುತ್ತಾ ಬಂದಿತ್ತು. ನಂತರ ಒಂದು ಶಿಲೀಂಧ್ರಕ್ಕೆ ಅವರ ನೆನಪಿನಲ್ಲಿ ಸುಬ್ಬರೊಮೈಸಿಸ್ ಎಂದು ಹೆಸರಿಟ್ಟರು. 1995ರಲ್ಲಿ, ಶತಮಾನದ ನೆಪದಲ್ಲಿ, ನಮ್ಮ ಅಂಚೆ ಇಲಾಖೆ ಒಂದು ಸ್ಟಾಂಪ್ ತಂದಿತು. ಲೆಡರ್ಲಿ ಕೈಯಿಂದ ಕೈಗೆ ಮಾರಾಟವಾಗುತ್ತಾ ಕೊನೆಗೆ ಫೈಜರ್ ಹೊಟ್ಟೆ ಸೇರಿತು.

ಈಗ ನೊಬೆಲ್ ವಿಷಯಕ್ಕೆ ಬರೋಣ. ನೊಬೆಲ್ ಸತ್ತವರಿಗೆ ಕೊಡುವುದಿಲ್ಲ, ಒಂದು ಬಹುಮಾನ ಮೂವರಿಗಿಂತ ಹೆಚ್ಚು ಜನರಿಗೆ ಹಂಚುವುದೂ ಇಲ್ಲ. ಫೋಲಿಕ್ ಆಸಿಡ್ ಒಂದಕ್ಕೇ ಮುಂಬೈನ ಗಿರಣಿ ಹೆಂಗಸರಿಂದ ಹಿಡಿದು ಪರ್ಲ್ ರಿವರ್‌ನ ಕೆಮಿಸ್ಟುಗಳವರೆಗೆ ಎಷ್ಟು ಕೈ ಸೇರಿವೆ ನೋಡಿದಿರಲ್ಲ. ಅಂಥ ಕೆಲಸಕ್ಕೆ ಒಂದು ಕೊರಳು ಹುಡುಕಿ ಪದಕ ಹಾಕುವುದೇ ವಿಚಿತ್ರ. ಪದಕ ಸಿಗಲಿಲ್ಲ ಎಂಬ ಹಳಹಳಿಕೆ ನಮಗೆ ಹಿತ, ಯಾಕಂದ್ರೆ ಅದರಲ್ಲಿ ತಪ್ಪಿತಸ್ಥರು ಯಾವಾಗಲೂ ದೂರದೇಶದವರು.

ಬಾಗಿಲುಗಳ ಲೆಕ್ಕ ಕೇಳಿದರೆ ಉತ್ತರ ಹತ್ತಿರ ಬರುತ್ತೆ. ಸುಬ್ಬರಾವ್ ಬಳಿ ಬಹಳಷ್ಟು ಜನರ ಬಳಿ ಇಲ್ಲದ್ದೂ ಇತ್ತು. ಓದಿನ ಪರಂಪರೆ ಇದ್ದ ಜಾತಿ, ಮೂರು ಸಲ ಪರೀಕ್ಷೆ ಬರೆಸುವಷ್ಟು ಹಟದ ತಾಯಿ, ಹಡಗಿನ ಟಿಕೆಟ್ಟಿಗೆ ದುಡ್ಡು ಕೊಡುವ ಮಾವ. ಇಷ್ಟಿದ್ದೂ ಒಂದು ಖಾದಿ ಗೌನಿಗೆ ಡಿಗ್ರಿ ಹೋಯಿತು. ಇದ್ಯಾವುದೂ ಇಲ್ಲದೆ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ದಲಿತ ಹುಡುಗಿ ಇವತ್ತು ಒಂದು ಪೋಸ್ಟರ್ ಹಿಡಿದರೆ ಅವಳ ವೈವಾ ಮಾರ್ಕ್ಸ್ ಏನಾಗುತ್ತೆ? ಫೆಲೋಶಿಪ್ ತಿಂಗಳುಗಟ್ಟಲೆ ಬಾರದಿದ್ದಾಗ ಸಂಶೋಧನೆ ಬಿಟ್ಟು ಡೆಲಿವರಿ ಬೈಕ್ ಹತ್ತುವ ಹುಡುಗನ ಕೈಯಲ್ಲಿ ಯಾವ ಅಳತೆಗೋಲು ತಯಾರಾಗಬೇಕಿತ್ತು? ಇನ್ನು ಅಮೆರಿಕದಲ್ಲಿ ಗ್ರೀನ್‌ಕಾರ್ಡಿಗೆ ವರ್ಷಾನುಗಟ್ಟಲೆ ಕಾಯುತ್ತಿರುವ ಕನ್ನಡದ ಇಂಜಿನಿಯರುಗಳಿಗೆ, ವಲಸೆಯ ಕಾಗದ ಮನುಷ್ಯನನ್ನು ಹೇಗೆ ಅರ್ಧ ಮಾಡುತ್ತದೆ ಅಂತ ನಾನು ವಿವರಿಸಬೇಕಿಲ್ಲ. ಅವರಲ್ಲಿ ಕೆಲವರಾದರೂ ಊರಿನಲ್ಲಿರುವ ಬೇರೆ ರಾಜ್ಯದ ವಲಸೆ ಕಾರ್ಮಿಕರನ್ನು ಓಡಿಸಬೇಕೆಂಬ ಪೋಸ್ಟಿಗೆ ಲೈಕ್ ಒತ್ತುವ ಮುನ್ನ ಈ ಕತೆ ಓದಲಿ.

ಮದ್ರಾಸ್ ಸರ್ಕಾರಿ ಸೇವೆಗೆ ಬೇಡವಾದ ಎಲ್‌ಎಂಎಸ್‌ನವನಿಗೆ ಕಾಕಿನಾಡದ ಒಂದು ಧರ್ಮನಿಧಿ ದುಡ್ಡು ಕೊಟ್ಟಿತ್ತು. ಅದನ್ನು ಕೊಟ್ಟವರಿಗೆ ಮೆಥೊಟ್ರೆಕ್ಸೇಟ್ ಬರುತ್ತದೆ ಅಂತ ಗೊತ್ತಿರಲಿಲ್ಲ, ಗೊತ್ತಾಗಲು ಸಾಧ್ಯವೂ ಇರಲಿಲ್ಲ. ಒಬ್ಬ ಬಡ ವಿದ್ಯಾರ್ಥಿ ಓದಲು ಹೊರಟಿದ್ದಾನೆ, ಅಷ್ಟು ಸಾಕಾಗಿತ್ತು. ಮುಂದಿನ ಜನವರಿ 12ಕ್ಕೆ ಹೆಮ್ಮೆಯ ಫಾರ್ವರ್ಡ್ ಕಳಿಸುವುದಿದ್ದರೆ ಕಳಿಸಿ. ಜೊತೆಗೆ ನಿಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿವೇತನದ ಎಷ್ಟು ಅರ್ಜಿ ಬಾಕಿ ಇವೆ, ಎಷ್ಟು ತಿಂಗಳಿಂದ ಬಾಕಿ ಇವೆ ಅಂತ ಒಂದು ಆರ್‌ಟಿಐ ಅರ್ಜಿಯನ್ನೂ ಹಾಕಿ.